ದಾವಣಗೆರೆ ಬೀಗರು ಸಿರಿಮನೆಗೆ ಹೋದದ್ದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳಲ್ಲಿ ವೆಬ್‌ಸೈಟಿನ ಮೇಲೆ ಜನರಿಗೆ ಹೋಗಿಬಿಟ್ಟಿದ್ದ ಮಮತೆಯನ್ನು ಮರಳಿ ತರುವುದು ತನ್ನ ಜನ್ಮದ ಕರ್ತವ್ಯ ಎಂದು ಕಾಂತೇಶ್ ತೀರ್ಮಾನಿಸಿದ್ದು ಮಾವನ ಮನೆಯ ಊಟದ ಪಂಕ್ತಿಯಲ್ಲಿ, ಎರಡನೆಯ ಸಲ ಹೋಳಿಗೆ ಬಡಿಸಿಕೊಳ್ಳುವಾಗ.

ಕೊಪ್ಪ ಬಸ್ ಸ್ಟ್ಯಾಂಡಿನ ಎದುರು ಅವನದೊಂದು ಕಂಪ್ಯೂಟರ್ ಅಂಗಡಿ. ಜೆರಾಕ್ಸು, ಪಹಣಿ, ಆನ್‌ಲೈನ್ ಅರ್ಜಿ ಇವೆಲ್ಲ ಹೊಟ್ಟೆಪಾಡಿಗೆ. ಆದರೆ ಅಂಗಡಿಯ ಬೋರ್ಡಿನಲ್ಲಿ ಇವೆಲ್ಲಕ್ಕಿಂತ ಮೇಲೆ, ಇವೆಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ರಾರಾಜಿಸುತ್ತಿದ್ದದ್ದು ‘ವೆಬ್ ಹೋಸ್ಟಿಂಗ್’. ಎಲ್ಲೋ ದೂರದಲ್ಲಿ ಕಣ್ಣು ಮುಚ್ಚದೆ ಕೂತಿರುವ ಯಾವುದೋ ಕಂಪ್ಯೂಟರಿನಲ್ಲಿ ಚೂರು ಜಾಗ ಬಾಡಿಗೆಗೆ ಹಿಡಿದು, ಅಲ್ಲಿ ಗಿರಾಕಿಗಳ ವೆಬ್‌ಸೈಟನ್ನು ಕೂರಿಸಿ, ವರ್ಷ ವರ್ಷ ಬಾಡಿಗೆ ಕಟ್ಟಿ ಏಳದಂತೆ ನೋಡಿಕೊಳ್ಳುವ ವಿದ್ಯೆ ಅದು.

ಈ ವಿದ್ಯೆಗೂ ಒಂದು ಕಾಲ ಇತ್ತು. ಪೇಟೆಯ ಅಡಿಕೆ ವ್ಯಾಪಾರಿಯೊಬ್ಬರು ವೆಬ್‌ಸೈಟ್ ಮಾಡಿಸಿದ ವಾರದೊಳಗೆ ಎದುರುಗಡೆ ಮಂಡಿಯವರು ಓಡಿ ಬಂದು, ತಮ್ಮದು ಅವರದ್ದಕ್ಕಿಂತ ಅಗಲ ಇರಬೇಕು ಎಂದು ಹಟ ಹಿಡಿದಿದ್ದರು. ಆಮೇಲೆ ಡ್ರೈವಿಂಗ್ ಸ್ಕೂಲಿನವರು ಬಂದರು, ಶಾಮಿಯಾನದವರು ಬಂದರು, ಬ್ಯಾಂಡ್‌ಸೆಟ್ಟಿನವರೂ ಬಂದರು. ಅಷ್ಟರಲ್ಲಿ ಎಲ್ಲರ ಕೈಗೂ ಫೋನು ಬಂತು. “ಅದೆಲ್ಲ ವಾಟ್ಸಾಪಲ್ಲೇ ಆಗ್ತದಲ್ಲ ಮಾರಾಯ, ಪುಕ್ಕಟೆ” ಎಂದು ಒಬ್ಬೊಬ್ಬರೇ ಜಾರಿಕೊಂಡರು. ಕೊರೋನ ಬಂದು ಅಂಗಡಿಗಳ ಬಾಗಿಲು ಮುಚ್ಚಿದಾಗ ಅದೇ ಜನ ಮಾಸ್ಕಿನೊಳಗಿಂದಲೇ “ನಮ್ಮ ಸೈಟ್ ಜೀವ ಇದೆಯಾ?” ಎಂದು ಕೇಳಿಕೊಂಡು ಬಂದರು. ಬಾಗಿಲು ತೆರೆಯಿತು, ಮತ್ತೆ ಮರೆತರು.

ಜನರ ಈ ಚಂಚಲ ಚಿತ್ತವನ್ನು ಕಾಂತೇಶ್ ಶಾಸ್ತ್ರೀಯವಾಗಿ ಅಭ್ಯಾಸ ಮಾಡುತ್ತಿದ್ದ. ಪ್ರಪಂಚದ ಜನ ಯಾವ ಪದವನ್ನು ಯಾವಾಗ ಹೆಚ್ಚು ಹುಡುಕುತ್ತಾರೆ ಎಂದು ಗೆರೆ ಎಳೆದು ತೋರಿಸುವ ಒಂದು ಪುಟ ಇಂಟರ್ನೆಟ್ಟಿನಲ್ಲಿದೆ. ಊರವರು ಬೆಳಿಗ್ಗೆ ಎದ್ದು ಅಡಿಕೆ ಧಾರಣೆ ನೋಡಿದರೆ, ಕಾಂತೇಶ್ ಹೋಸ್ಟಿಂಗಿನ ಗೆರೆ ನೋಡುತ್ತಿದ್ದ. ಜನವರಿಯಲ್ಲಿ ಗೆರೆ ಏರುತ್ತದೆ, ಹೊಸ ವರ್ಷಕ್ಕೆ ಎಲ್ಲರಿಗೂ ಉದ್ಯಮಿಯಾಗುವ ಹುಕಿ. ಪರೀಕ್ಷೆ ಬಂದಾಗ ಇಳಿಯುತ್ತದೆ. ಹಬ್ಬದ ರಿಯಾಯಿತಿ ಬಂದಾಗ ಜಿಗಿಯುತ್ತದೆ. ಹೀಗೆ ಪ್ರತಿ ಉಬ್ಬಿಗೊಂದು, ಪ್ರತಿ ತಗ್ಗಿಗೊಂದು ಕಾರಣ ಹುಡುಕಿ, ಕೊಪ್ಪದ ಶಾಲೆಯೊಂದರಲ್ಲಿ ಗಣಿತದ ಟೀಚರಾಗಿದ್ದ ಹೆಂಡತಿ ರಶ್ಮಿಗೆ ಕಾಫಿ ಆರುವವರೆಗೆ ಉಪದೇಶ ಮಾಡುತ್ತಿದ್ದ.

“ರೀ, ಈ ಗೆರೆ ಯಾವೂರಿನ ಜನರದ್ದು?” ಎಂದು ರಶ್ಮಿ ಒಮ್ಮೆ ಕೇಳಿದಳು.

“ಇಡೀ ಪ್ರಪಂಚದ್ದು.”

“ನಿಮ್ಮಂಗಡಿಗೆ ಬರೋದು ಇಲ್ಲೇ ಪಕ್ಕದ ಕಮ್ಮರಡಿಯವರು.”

ಇಂಥ ಮಾತುಗಳನ್ನು ಮಹಾಪುರುಷರು ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ಕಾಂತೇಶ್ ಗೆರೆಯ ಮುಂದಿನ ಉಬ್ಬಿಗೆ ಬೆರಳಿಟ್ಟ.

ಆ ಹೋಳಿಗೆ ಊಟ ನಡೆದದ್ದು ಬಾಳೆಹೊನ್ನೂರಿನ ಮಾವನ ಮನೆಯಲ್ಲಿ. ರಶ್ಮಿಯ ತಂಗಿ ಶ್ವೇತಳಿಗೆ ದಾವಣಗೆರೆಯ ಸಂಬಂಧ ಗೊತ್ತಾಗಿತ್ತು. ಹುಡುಗ ಯಶವಂತ. ನಿಶ್ಚಿತಾರ್ಥ ಕೊಪ್ಪದಲ್ಲಿ, ಶೃಂಗೇರಿ ರಸ್ತೆಯ ಸಮುದಾಯ ಭವನದಲ್ಲಿ. ಬೀಗರಿಗೆಲ್ಲ ಜಾಗ, ದಾರಿ, ಹೊತ್ತು ತಿಳಿಸಬೇಕಲ್ಲ ಎಂದು ಮಾತು ಬಂತು.

“ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕಿದ್ರಾಯ್ತು” ಎಂದರು ಮಾವ ಮಲ್ಲೇಶಪ್ಪ. ಅವರು ಮಾತು ಕಡಿಮೆ ಆಡುವ ಮನುಷ್ಯ. ಆಡಿದ ಮೇಲೆ ಅದರ ಮೇಲೆ ಇನ್ನೊಬ್ಬರು ಆಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಆದರೆ ಕಾಂತೇಶನ ಎದೆಗೆ ಬಾಣ ನಾಟಿತ್ತು. “ಮಾವ, ವಾಟ್ಸಾಪ್ ಅಂದ್ರೆ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಯಾರ್ಯಾರೋ ಬರ್ತಾರೆ, ಹೋಗ್ತಾರೆ. ದುಡ್ಡು ಕೊಟ್ಟು ಹೋಸ್ಟ್ ಮಾಡಿದ ವೆಬ್‌ಸೈಟ್ ಅಂದ್ರೆ ಸ್ವಂತ ಮನೆ.”

“ಬಾಡಿಗೆ ಮನೆ” ಎಂದಳು ರಶ್ಮಿ, ಉಪ್ಪಿನಕಾಯಿ ಬಡಿಸುತ್ತ. “ವರ್ಷಾ ವರ್ಷಾ ಕಟ್ಟಬೇಕು ಅಂತ ನೀವೇ ಹೇಳ್ತೀರಿ.”

ಮಲ್ಲೇಶಪ್ಪ ಅಳಿಯನ ಮುಖ ನೋಡಿದರು, ಮಗಳ ಮುಖ ನೋಡಿದರು. “ಮಾಡ್ಲಿ ಬಿಡು. ದೊಡ್ಡಳಿಯಂದೂ ಒಂದು ಜವಾಬ್ದಾರಿ ಇರಲಿ” ಎಂದು ಕೈ ತೊಳೆಯಲು ಎದ್ದರು.

ಕಾಂತೇಶ್ ಮಾಡಿದ ವೆಬ್‌ಸೈಟು ನಿಜಕ್ಕೂ ಚೆಂದವಿತ್ತು. ತೆರೆದ ಕೂಡಲೆ ಹೂವು ಉದುರುತ್ತಿತ್ತು. ಭವನದ ಹೆಸರು, ಊಟದ ಹೊತ್ತು, ಎಲ್ಲದರ ಕೆಳಗೆ ಒಂದು ಹಸಿರು ಗುಂಡಿ. ಅದನ್ನು ಒತ್ತಿದರೆ ಫೋನೇ ದಾರಿ ತೋರಿಸುತ್ತ ಭವನದ ಬಾಗಿಲಿಗೆ ತಂದು ನಿಲ್ಲಿಸಬೇಕು. ದಾವಣಗೆರೆಗೆ ಹೋದ ಆಮಂತ್ರಣದಲ್ಲಿ ಬೇರೇನೂ ಇರಲಿಲ್ಲ, ‘ಎಲ್ಲ ವಿವರಗಳಿಗೂ ಇಲ್ಲಿ ಒತ್ತಿ’ ಎಂಬ ಒಂದು ಸಾಲು, ಅದರ ಕೆಳಗೆ ವಿಳಾಸ.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಜನರಿಗೆ ಅಭ್ಯಾಸ ಆಗಬೇಕೆಂದು ಕಾಂತೇಶ್ ಮನೆಯವರಿಗೆಲ್ಲ ಒಂದು ಕಟ್ಟಪ್ಪಣೆ ಮಾಡಿದ. ಯಾರೇ ಫೋನ್ ಮಾಡಿ ದಾರಿ ಕೇಳಿದರೂ ಬಾಯಲ್ಲಿ ಹೇಳಕೂಡದು, ವೆಬ್‌ಸೈಟ್ ನೋಡಿ ಎನ್ನಬೇಕು. ಅತ್ತೆ ಪ್ರೇಮಕ್ಕ ಪಾಪ ಅಳಿಯನ ಮಾತು ಮೀರುವವರಲ್ಲ. ತರೀಕೆರೆಯಲ್ಲಿದ್ದ ಸ್ವಂತ ತಂಗಿಗೂ ಅವರು ಹಾಗೇ ಹೇಳಿದರು. ತಂಗಿ ಮಾತು ಬಿಟ್ಟಳು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಕಾಂತೇಶ್ ರೇಷ್ಮೆ ಪಂಚೆ ಉಟ್ಟು ಕನ್ನಡಿಯಲ್ಲಿ ತನ್ನ ಗಾಂಭೀರ್ಯ ನೋಡಿಕೊಳ್ಳುತ್ತಿರುವಾಗ ಸಿರಿಮನೆಯ ಮಾಲತಿಯಿಂದ ಫೋನು ಬಂತು. ಶೃಂಗೇರಿಯಾಚೆ ಸಿರಿಮನೆ ಜಲಪಾತಕ್ಕೆ ಹೋಗುವ ದಾರಿಯಲ್ಲಿ ಆಕೆ ಮತ್ತು ಗಂಡ ಯೋಗೇಂದ್ರ ಸೇರಿ ಒಂದು ಸಣ್ಣ ಹೋಂಸ್ಟೇ ನಡೆಸುತ್ತಿದ್ದರು. ಹೋಸ್ಟಿಂಗಿನ ಮೇಲೆ ಇನ್ನೂ ನಂಬಿಕೆ ಇಟ್ಟುಕೊಂಡಿದ್ದ ಕಾಂತೇಶನ ಕೊನೆಯ ಗಿರಾಕಿ ಆಕೆ.

“ಕಾಂತೇಶಣ್ಣ, ನಮ್ಮ ಸೈಟ್ ಓಪನ್ನೇ ಆಗ್ತಾ ಇಲ್ಲ ಮಾರಾಯ್ರೆ. ಎಂತದೋ ಅವಧಿ ಮುಗಿದಿದೆ ಅಂತ ಬರ್ತದೆ.”

ಅವಧಿ ಮುಗಿಯುತ್ತದೆಂದು ಹೋಸ್ಟಿಂಗ್ ಕಂಪನಿಯವರು ತಿಂಗಳಿನಿಂದ ಮೇಲ್ ಕಳಿಸುತ್ತಿದ್ದರು. ಗಿರಾಕಿಗಳಿಗೆ ಕಾಂತೇಶ್ ಕಳಿಸುತ್ತಿದ್ದ ನೆನಪೋಲೆಗಳನ್ನು ಅವರು ಹೇಗೆ ಓದದೆ ಬಿಡುತ್ತಿದ್ದರೋ, ಇವನೂ ಹಾಗೇ ಬಿಟ್ಟಿದ್ದ. ಮಾಲತಿಯ ಸೈಟು ಮಲಗಿತೆಂದರೆ ಅದೇ ಜಾಗದಲ್ಲಿದ್ದ ಶ್ವೇತಳ ನಿಶ್ಚಿತಾರ್ಥವೂ ಮಲಗಿತೆಂದು ಅರ್ಥ. ಪಂಚೆ ಎತ್ತಿ ಕಟ್ಟಿ ಫೋನಿನಲ್ಲೇ ಕೂತ.

“ರೀ, ಅಪ್ಪ ಭವನದಲ್ಲಿ ಕಾಯ್ತಿದಾರೆ” ಎಂದಳು ರಶ್ಮಿ ಬಾಗಿಲಿನಿಂದ.

“ಒಂದೇ ನಿಮಿಷ. ದೇಶ ನಡೆಯೋದೇ ಇದರಿಂದ.”

ಅವಸರದಲ್ಲಿ ಕಣ್ಣಿಗೆ ಮೊದಲು ಬಿದ್ದ ಅಗ್ಗದ ಯೋಜನೆಯನ್ನೇ ಕೊಂಡ. ಆ ಯೋಜನೆಯಲ್ಲಿ ಕೂರಿಸಲು ಸಿಗುವುದು ಒಂದೇ ವೆಬ್‌ಸೈಟು, ಉಳಿದ ವಿಳಾಸಗಳಿಗೆ ಬಂದವರನ್ನೆಲ್ಲ ಆ ಒಂದಕ್ಕೇ ಕರೆದೊಯ್ಯಲಾಗುವುದು ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು. ಸಣ್ಣಕ್ಷರ ಓದುವ ಮನುಷ್ಯ ಅವನಲ್ಲ. ಮುಖ್ಯ ವೆಬ್‌ಸೈಟು ಯಾವುದು ಎಂದು ಅದು ಕೇಳಿತು. ಮಾಲತಿ ಇನ್ನೂ ಫೋನಿನಲ್ಲೇ ಇದ್ದದ್ದರಿಂದ ಮಾಲತಿಯದನ್ನು ಒತ್ತಿದ. ಆಮೇಲೆ ಜಾಣತನದಿಂದ ಶ್ವೇತಳ ಪುಟವನ್ನೂ ತೆರೆದು ನೋಡಿದ. ಹೂವು ಉದುರಿತು, ಭವನದ ಹೆಸರು ಬಂತು. ಸಮಾಧಾನದಿಂದ ಫೋನನ್ನು ಜೇಬಿಗೆ ಹಾಕಿದ. ಹಿಂದೆ ತೆರೆದ ಪುಟದ ಒಂದು ನಕಲನ್ನು ಫೋನು ಕ್ಯಾಶ್ ಎಂಬ ಹೆಸರಿನಲ್ಲಿ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ, ಕೆಲವೊಮ್ಮೆ ಹೊಸದನ್ನು ತರುವ ಬದಲು ಅದನ್ನೇ ತೋರಿಸಿ ಕೈ ತೊಳೆದುಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗಿರಾಕಿಗಳಿಗೆ ಅದನ್ನು ನೂರು ಸಲ ಹೇಳಿದ್ದ. ಆ ಗಳಿಗೆಗೆ ಹೊಳೆಯಲಿಲ್ಲ, ಅಷ್ಟೆ.

ಭವನದಲ್ಲಿ ಎಲ್ಲ ತಯಾರಿತ್ತು. ಹುಡುಗ ಯಶವಂತ ಗೆಳೆಯರ ಕಾರಿನಲ್ಲಿ ಎಲ್ಲರಿಗಿಂತ ಮೊದಲೇ ಬಂದಿಳಿದ. ಅವನಿಗೆ ದಾರಿಯುದ್ದಕ್ಕೂ ಫೋನಿನಲ್ಲಿ ಶ್ವೇತ ಇದ್ದಳು, ಹೋಸ್ಟಿಂಗಿನ ಹಂಗಿರಲಿಲ್ಲ. ಹಿರಿಯರೆಲ್ಲ ಹಿಂದೆ ಮಿನಿ ಬಸ್ಸಿನಲ್ಲಿ, ಯಶವಂತನ ಸೋದರಮಾವ ನಾಗಪ್ಪನವರ ಮುಂದಾಳತ್ವದಲ್ಲಿ ಬರುತ್ತಿದ್ದರು.

ಕಾಂತೇಶ್ ಮಾವನ ಜೊತೆ ಭವನದ ಎದುರು ರಸ್ತೆಯಲ್ಲೇ ನಿಂತಿದ್ದ. ಹೂವಿನ ಹಾರ ಹಾಕಿಕೊಂಡ ಒಂದು ಮಿನಿ ಬಸ್ಸು ಅವರ ಮುಂದೆಯೇ ಶೃಂಗೇರಿ ಕಡೆ ಭರ್ರನೆ ಹೋಯಿತು. ಒಳಗೆ ಜರಿ ರುಮಾಲುಗಳು, ರೇಷ್ಮೆ ಸೀರೆಗಳು.

“ಯಾತ್ರೆಯವರು” ಎಂದ ಕಾಂತೇಶ್. “ನೋಡಿ ಮಾವ, ಒಬ್ಬರಾದ್ರೂ ಇಳಿದು ದಾರಿ ಕೇಳಿದ್ರಾ? ಎಲ್ಲ ಫೋನಲ್ಲೇ ನೋಡ್ಕೊಂಡು ಹೋಗ್ತಾರೆ. ಇದೇ ನಾನು ಹೇಳೋದು.”

ಅಷ್ಟು ಹೇಳಿ, ಯಾತ್ರೆಗೆ ಶುಭವಾಗಲೆಂದು ಬಸ್ಸಿನ ಹಿಂದೆ ಕೈಯನ್ನೂ ಬೀಸಿದ.

ಹೊತ್ತು ಏರಿತು. ಬೀಗರ ಸುದ್ದಿಯಿಲ್ಲ. ನಾಗಪ್ಪನವರಿಗೆ ಫೋನ್ ಹಚ್ಚಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಉತ್ತರ. ಅಡುಗೆಯವರು ಬಂದು ಅನ್ನಕ್ಕೆ ಅಕ್ಕಿ ಹಾಕಲೋ ಬೇಡವೋ ಎಂದು ಕೇಳಿ ಹೋದರು. ಹೆಣ್ಣಿನ ಕಡೆಯವರು ಗುಂಪು ಗುಂಪಾಗಿ ಪಿಸುಗುಡತೊಡಗಿದರು. ಹುಡುಗ ಬಂದು ಹಿರಿಯರು ಬರದಿದ್ದರೆ ಏನರ್ಥ? ಮನಸ್ಸು ಬದಲಾಯಿತೇ? ಶ್ವೇತ ಅಲಂಕಾರ ಮುಗಿಸಿ ಕೂತವಳು ಅಕ್ಕನ ಕೈ ಹಿಡಿದುಕೊಂಡಳು. “ಅವರಮ್ಮನಿಗೆ ಮೊದಲಿಂದ ನಮ್ಮೂರು ದೂರ ಅಂತ ಇತ್ತು ಕಣೆ” ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ಕಾಂತೇಶ್ ರಸ್ತೆಗೆ ಓಡಿ ಎರಡೂ ಕಡೆ ನೋಡಿ ಬಂದ.

ಆಗ ಪ್ರೇಮಕ್ಕ ಮೆಲ್ಲನೆ ಬಾಯಿಬಿಟ್ಟರು. “ನಾಗಪ್ಪನವರು ಒಂದ್ಸಲ ಫೋನ್ ಮಾಡಿದ್ರು. ಕೊಪ್ಪಕ್ಕೆ ಬಂದ್ವಿ, ಮುಂದೆ ಹೋಗಬೇಕೇನು ಅಂತ ಕೇಳಿದ್ರು.”

“ನೀನೇನಂದೆ?” ಎಂದರು ಮಲ್ಲೇಶಪ್ಪ.

“ವೆಬ್‌ಸೈಟ್ ನೋಡಿ ಅಂತ ಇಟ್ಟೆ.”

ಮಲ್ಲೇಶಪ್ಪ ಅಳಿಯನ ಕಡೆ ತಿರುಗಿದರು. ಹೆಗಲ ಶಾಲು ಸರಿಮಾಡಿಕೊಂಡರು. ಕಾಂತೇಶನಿಗೆ ಬೈಸಿಕೊಂಡಿದ್ದರೆ ವಾಸಿಯಿತ್ತು ಅನ್ನಿಸಿತು. ಅಷ್ಟರಲ್ಲಿ ಅವನ ಜೇಬು ಮೊಳಗಿತು. ಮತ್ತೆ ಮಾಲತಿ, ಮೊಬೈಲಿಗೆ ಸಿಗ್ನಲ್ ಸಿಗದ ಸಿರಿಮನೆಯ ಲ್ಯಾಂಡ್‌ಲೈನಿನಿಂದ.

“ಕಾಂತೇಶಣ್ಣ, ನೀವು ಸೈಟ್ ಸರಿ ಮಾಡಿದ್ದೇ ಮಾಡಿದ್ದು, ಒಂದು ಬಸ್ ಜನ ಬಂದು ಇಳಿದಿದಾರೆ. ಹಣ್ಣು, ಕಾಯಿ, ಸೀರೆ ಎಲ್ಲ ತಟ್ಟೇಲಿ ಇಟ್ಕೊಂಡು ಬಂದಿದಾರೆ ಮಾರಾಯ್ರೆ. ಎಷ್ಟು ಮರ್ಯಾದಸ್ಥರು ಗೊತ್ತುಂಟಾ. ಆದ್ರೆ ಬಂದವರೇ ಹುಡುಗಿ ಎಲ್ಲಿ ಅಂತ ಕೇಳ್ತಾರೆ. ನಮ್ಮಲ್ಲಿ ಊಟ, ವಸತಿ ಮಾತ್ರ ಇರೋದು ಅಂತ ಹೇಳಿದೆ. ಕೇಳೋದೇ ಇಲ್ಲ.”

ಆ ತುದಿಯಲ್ಲಿ ಫೋನು ನಾಗಪ್ಪನವರ ಕೈಗೆ ಹೋಯಿತು.

“ಏನ್ರೀ, ಭಾರಿ ಜಾಗ ಹುಡುಕೀರಲ್ಲ. ಈಗೆಲ್ಲ ಹಿಂಗೇ ಕಾಡಾಗೆ ಮಾಡೋದು ಫ್ಯಾಷನ್ ಅಂತೆ, ನಮ್ಮ ಹುಡುಗರು ಹೇಳ್ತಿದ್ರು. ದೋಸೆನೂ ಚಲೋ ಐತೆ. ನಿಮ್ಮ ಕಡೆಯವರು ಒಬ್ಬರೂ ಕಾಣಂಗಿಲ್ಲಲ್ಲ, ಯಾವಾಗ ಬರ್ತೀರಿ? ಎಲ್ಲ ಆರಾಮ ಐತೆ, ನಮ್ಮಕ್ಕ ಒಬ್ಬಳು ಮಾತ್ರ ಮುಖ ಗಂಟು ಹಾಕ್ಕೊಂಡು ಕುಂತಾಳೆ.”

ನಮ್ಮಕ್ಕ ಎಂದರೆ ಯಶವಂತನ ತಾಯಿ.

ಜಾಗ ತಪ್ಪಿದೆ, ಹುಡುಗ ಇಲ್ಲೇ ಭವನದಲ್ಲಿದ್ದಾನೆ ಎಂದು ಹೇಳಿ, ಅವರನ್ನು ಕರೆತರಲು ಕಾಂತೇಶ್ ರಶ್ಮಿಯನ್ನು ಕೂರಿಸಿಕೊಂಡು ಕಾರು ಬಿಟ್ಟ. ಶೃಂಗೇರಿ ದಾಟಿತು. ಕಿಗ್ಗದ ತಿರುವಿನಲ್ಲಿ ಅವನೇ ತಡೆಯಲಾರದೆ, “ನಾನು ಚೆಕ್ ಮಾಡಿದ್ದೆ ರಶ್ಮಿ, ನನ್ನ ಫೋನಲ್ಲಿ ಸರಿಯಾಗೇ ಇದೆ” ಎಂದು ಫೋನು ಚಾಚಿದ. ಹೂವು ಉದುರುತ್ತಿತ್ತು. ರಶ್ಮಿ ತನ್ನ ಫೋನಿನಲ್ಲಿ ಅದೇ ವಿಳಾಸ ಒತ್ತಿದಳು. ಮಾಲತಿಯ ಅಂಗಳ, ರಂಗೋಲಿ, ‘ಬನ್ನಿ, ನಿಮ್ಮ ದಾರಿ ಕಾಯುತ್ತಿದ್ದೇವೆ’ ಎಂಬ ಸ್ವಾಗತ, ಕೆಳಗೊಂದು ಹಸಿರು ಗುಂಡಿ.

“ಎಲ್ಲರ ಫೋನಲ್ಲೂ ಮಾಲತಿ ಮನೆ. ನಿಮ್ಮೊಬ್ಬರ ಫೋನಲ್ಲಿ ಮಾತ್ರ ನನ್ನ ತಂಗಿ ನಿಶ್ಚಿತಾರ್ಥ” ಎಂದಳು. “ಫೋನಲ್ಲಿ ನಡೀತಾ ಇರೋದಕ್ಕೆ ನಾವ್ಯಾಕೆ ಅಡ್ಡಿ ಮಾಡೋದು, ಬೇಕಿದ್ರೆ ನೀವೊಬ್ಬರೇ ಅದರೊಳಗೆ ಹೋಗಿ ಊಟ ಮಾಡ್ಕೊಂಡು ಬನ್ನಿ.”

ಇವರು ತಲುಪುವಾಗ ಹೋಂಸ್ಟೇಯಲ್ಲಿ ಹೆಂಗಸರು ಮಾತ್ರ ಇದ್ದರು. ಗಂಡಸರೆಲ್ಲ ಯೋಗೇಂದ್ರನನ್ನು ಮುಂದಿಟ್ಟುಕೊಂಡು ಜಲಪಾತಕ್ಕೆ ಇಳಿದಿದ್ದರು. ನಾಗಪ್ಪನವರು ನೀರಿನ ಕೆಳಗೆ ಕಣ್ಣು ಮುಚ್ಚಿ ನಿಂತು, ಮೇಲೆ ಬರಲು ಒಪ್ಪುತ್ತಿಲ್ಲವೆಂದು ಸುದ್ದಿ ಬಂದಿತ್ತು.

ಜಗಲಿಯಲ್ಲಿ ಯಶವಂತನ ತಾಯಿ ತಟ್ಟೆಗಳ ನಡುವೆ ಒಬ್ಬರೇ ಕೂತಿದ್ದರು. ಮಾಲತಿ ಇಟ್ಟ ಬೆಲ್ಲ ನೀರು ಮುಟ್ಟದೆ ಹಾಗೇ ಇತ್ತು.

“ಮಗನ್ನ ಅಲ್ಲಿ ಕುಂದ್ರಿಸ್ಕೊಂಡು, ನಮ್ಮನ್ನ ಇಲ್ಲಿಗೆ ಕಳಿಸಿ ಆಟ ನೋಡ್ತೀರೇನು?” ಎಂದರು. ದನಿ ಏರಿರಲಿಲ್ಲ. ಅದಕ್ಕೇ ಕಾಂತೇಶನಿಗೆ ಹೆಚ್ಚು ಹೆದರಿಕೆಯಾಯಿತು.

“ಇಲ್ಲಮ್ಮ, ಅದು ಏನಾಯ್ತು ಅಂದ್ರೆ, ಹೋಸ್ಟಿಂಗ್ ಪ್ಲಾನ್ ಎಕ್ಸ್‌ಪೈರ್ ಆಗಿತ್ತು. ರಿನ್ಯೂ ಮಾಡುವಾಗ ಪ್ರೈಮರಿ ಡೊಮೈನ್ ಚೇಂಜಾಗಿ, ಉಳಿದದ್ದೆಲ್ಲ ರೀಡೈರೆಕ್ಟ್ ಆಗಿದೆ. ನನ್ನ ಫೋನಲ್ಲಿ ಕ್ಯಾಶ್ ಇತ್ತಲ್ಲ, ಹಾಗಾಗಿ…”

“ನಿನ್ನ ಹತ್ರ ಕ್ಯಾಶ್ ಇದ್ರೆ ನಾನೇನು ಮಾಡ್ಲಿ?” ಎಂದರು ಆಕೆ. “ತಪ್ಪಾಯ್ತು ಅನ್ನಾಕೆ ಇಷ್ಟು ಇಂಗ್ಲಿಷ್ ಬೇಕೇನು ತಮ್ಮಾ?”

ಕಾಂತೇಶ್ ಎರಡು ಕೈ ಜೋಡಿಸಿದ. “ತಪ್ಪಾಯ್ತಮ್ಮ” ಎಂದ. ಶ್ವೇತಳ ಮುಖ ನೆನಪಾಗಿ ಇನ್ನಷ್ಟು ಬಾಗಿದ. “ಇದರಲ್ಲಿ ನಮ್ಮ ಹುಡುಗಿದು ಏನೂ ಇಲ್ಲ. ಬೆಳಿಗ್ಗೆಯಿಂದ ನಿಮ್ಮ ದಾರಿ ನೋಡ್ತಾ ಅಳ್ತಾ ಕೂತಿದಾಳೆ. ನನ್ನದೇ ಪೂರ್ತಿ ತಪ್ಪು.”

ಆಕೆ ಆಮೇಲೆ ಲೋಟ ಎತ್ತಿ ನೀರು ಕುಡಿದರು. “ಹುಡುಗಿ ಯಾಕೆ ಅಳಬೇಕು? ಇಲ್ಲಿಗೇ ಕರ್ಕೊಂಡ್ ಬರ್ರಿ. ನಮ್ಮ ಗಂಡಸರು ಆ ನೀರು ಬಿಟ್ಟು ಈಗೆಲ್ಲಿ ಬರ್ತಾರೆ. ಬಂದ್ರೂ ಒದ್ದೆ ಪಂಚೇಲಿ ಬೀಗರ ಮುಂದೆ ನಿಲ್ಲಾಕಾಗ್ತದಾ?”

ರಶ್ಮಿ ಲ್ಯಾಂಡ್‌ಲೈನಿನಿಂದ ಅಪ್ಪನಿಗೆ ಫೋನ್ ಮಾಡಿದಳು. ಮಲ್ಲೇಶಪ್ಪ ಎಲ್ಲ ಕೇಳಿಸಿಕೊಂಡು, “ಸಾರು ಚೆಲ್ಲದ ಹಾಗೆ ತರಬೇಕು” ಎಂದಷ್ಟೇ ಹೇಳಿದರು. ಸಾರು, ಪಲ್ಯ, ಹೋಳಿಗೆ, ಅಡುಗೆಯವರು, ಶಾಸ್ತ್ರ ಮಾಡಿಸುವ ಸ್ವಾಮಿಗಳು, ಮದುಮಕ್ಕಳು ಎಲ್ಲ ಸಿಕ್ಕಿದ ಗಾಡಿಗಳಲ್ಲಿ ಏರಿ ಸಿರಿಮನೆಗೆ ಬಂದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಾಲತಿಯ ಅಂಗಳದಲ್ಲಿ, ಅವಳದೇ ರಂಗೋಲಿಯ ಮುಂದೆ ನಿಶ್ಚಿತಾರ್ಥ ನಡೆಯಿತು. ನಾಗಪ್ಪನವರು ಯೋಗೇಂದ್ರನ ಲುಂಗಿ ಉಟ್ಟು, ಜರಿ ರುಮಾಲು ಸುತ್ತಿ, ಮುಂದಿನ ಸಾಲಿನಲ್ಲಿ ಕೂತು ತಟ್ಟೆ ಬದಲಾಯಿಸಿದರು. ಹೋಗುವಾಗ ಕಾಂತೇಶನ ಬೆನ್ನು ತಟ್ಟಿ, “ಇಂಥ ಏರ್ಪಾಡು ನಮ್ಮ ವಂಶದಾಗೆ ಯಾರೂ ಕಂಡಿದ್ದಿಲ್ಲ” ಎಂದರು. ಕಾಂತೇಶ್ ವಿನಯದಿಂದ ತಲೆ ಬಾಗಿಸುತ್ತಿದ್ದ. ರಶ್ಮಿ ಕೆಮ್ಮಿದಳು. ತಲೆ ಅರ್ಧಕ್ಕೇ ನಿಂತಿತು.

ಸುದ್ದಿ ಮೂರೂ ತಾಲ್ಲೂಕುಗಳಲ್ಲಿ ಹಬ್ಬಿತು. ಮರುವಾರವೇ ಅಂಗಡಿಗೆ ಜನ ಬರತೊಡಗಿದರು. ಎನ್.ಆರ್.ಪುರದಿಂದ ಬಂದರು, ಜಯಪುರದಿಂದ ಬಂದರು. ಎಲ್ಲರೂ ಕೇಳಿದ್ದು ಒಂದೇ, “ಆ ವೆಬ್‌ಸೈಟ್ ಮಾಡಿದ್ದು ನೀವೇನಾ?” ಕಾಂತೇಶ್ ಎದ್ದು ನಿಂತು ಕುರ್ಚಿ ಕೊಡುತ್ತಿದ್ದ, ಟೀ ತರಿಸುತ್ತಿದ್ದ, ಹೋಸ್ಟಿಂಗಿನ ಹಿರಿಮೆ ಹೇಳುತ್ತಿದ್ದ. ಅವರು ಟೀ ಕುಡಿದು, ಮಾಲತಿಯ ಫೋನ್ ನಂಬರ್ ಬರೆದುಕೊಂಡು ಹೋಗುತ್ತಿದ್ದರು. ಆದರೂ ಅವನು ಧೈರ್ಯಗೆಡಲಿಲ್ಲ. ಇದು ಕುತೂಹಲದ ಹಂತ, ಕೊಳ್ಳುವ ಹಂತ ಆಮೇಲೆ ಬರುತ್ತದೆ ಎಂದು ರಶ್ಮಿಗೆ ವಿವರಿಸಿದ. ಗೆರೆ ಏರುವ ಲಕ್ಷಣಗಳೆಲ್ಲ ಹೀಗೇ ಇರುತ್ತವಂತೆ.

ಒಂದು ಬೆಳಿಗ್ಗೆ ಮಾಲತಿಯೇ ಅಂಗಡಿಗೆ ಬಂದಳು. ಹೊಸ ಸೀರೆ, ಮುಖದಲ್ಲಿ ಕಳೆ. ಕಾಂತೇಶ್ ಹಿಗ್ಗಿ ಹೋದ. ಈ ಸಲ ಆಕೆಗೆ ದೊಡ್ಡ ಯೋಜನೆಯನ್ನೇ ಕೊಡಿಸುವುದೆಂದು ಮನಸ್ಸಿನಲ್ಲೇ ಗಂಟು ಹಾಕಿದ.

“ಕಾಂತೇಶಣ್ಣ, ನಮ್ಮ ಸೈಟ್ ತೆಗೆದುಬಿಡಿ” ಎಂದಳು ಆಕೆ.

“ಯಾಕೆ? ಈಗ ತಾನೇ ಜನ ಬರ್ತಿದಾರಲ್ಲ.”

“ಅದಕ್ಕೇ ಮಾರಾಯ್ರೆ. ಮುಂದಿನ ಮಳೆಗಾಲದವರೆಗೆ ಮನೆ ಭರ್ತಿ. ಸೈಟ್ ನೋಡ್ಕೊಂಡು ಒಬ್ಬರೂ ಬಂದಿಲ್ಲ. ಸೈಟ್ ದಾರಿ ತಪ್ಪಿಸಿ ತಂದು ಬಿಟ್ಟಿತಲ್ಲ, ಆ ದಾವಣಗೆರೆಯವರ ಮಾತು ಕೇಳ್ಕೊಂಡೇ ಎಲ್ಲ ಬರೋದು.”

ಗೆರೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂದು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಕಾಂತೇಶನಿಗೆ ಈ ಕಾರಣ ಒಮ್ಮೆಯೂ ಹೊಳೆದಿರಲಿಲ್ಲ. ಕೂತು ಸೈಟು ತೆಗೆದ. ಮಾಲತಿ ಎದ್ದವಳು ಬಾಗಿಲಲ್ಲಿ ನಿಂತಳು.

“ಮತ್ತೆ ನಿಮ್ಮ ಕೈಯಲ್ಲಿ ಒಂದು ಉಪಕಾರ ಆಗಬೇಕಿತ್ತು. ನೀವು ಒಬ್ಬರೇ ಇದಕ್ಕೆಲ್ಲ ಜಾಣರು.”

“ಹೇಳಿ” ಎಂದ ಕಾಂತೇಶ್, ಕೀಬೋರ್ಡಿನ ಮೇಲೆ ಬೆರಳಿಟ್ಟು.

“ರೂಮು ಖಾಲಿ ಇಲ್ಲ ಅಂತ ಒಂದು ಹಾಳೆ ದೊಡ್ಡಕ್ಷರದಲ್ಲಿ ಹೊಡೆದುಕೊಡಿ. ಗೇಟಿಗೆ ಕಟ್ಟಬೇಕು.”

ಕಾಂತೇಶ್ ಹೊಡೆದುಕೊಟ್ಟ. ಮಳೆಗೆ ನೆನೆಯದಿರಲೆಂದು ಲ್ಯಾಮಿನೇಷನ್ನೂ ಮಾಡಿದ.